ತವುಡಿಗೆ ಬಂದ ಚಿಕ್ಕಮಾವ

ಮೊದಲ ಸಲ ನೋಡಿದಾಗ ಚಿಕ್ಕಮಾವ ಸೊಂಟದಿಂದ ಮೇಲಕ್ಕೆ ಮಾತ್ರ ಇದ್ದರು.

ಮದುವೆಯಾಗಿ ನಂಜನಗೂಡಿನಿಂದ ಕೊಯಮತ್ತೂರಿನ ಹತ್ತಿರದ ಅನ್ನೂರಿನ ಹೊರಗಿನ ನೇಕಾರರ ಬೀದಿಗೆ ಬಂದ ಮಾರನೆಯ ದಿನ ಅದು. ಹಿರಿಯರಿಗೆ ನಮಸ್ಕಾರ ಮಾಡಿಸಲು ನನ್ನ ಗಂಡ ನನ್ನನ್ನು ಪಕ್ಕದಲ್ಲೇ ಇದ್ದ ತಮ್ಮ ಚಿಕ್ಕಪ್ಪನ ಮನೆಗೆ ಕರೆದುಕೊಂಡು ಹೋದರು. ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಏನೂ ಕಾಣಿಸಲಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ಕಂಡದ್ದು ನೆಲದೊಳಗಿಂದ ಎದ್ದು ಬಂದಂತಿದ್ದ ಒಂದು ಬರಿಮೈ, ತಲೆಗೆ ಸುತ್ತಿದ ಕೆಂಪು ಟವಲು, ಎಡಕ್ಕೂ ಬಲಕ್ಕೂ ಓಡುತ್ತಿದ್ದ ಲಾಳಿ. ಗುಂಡಿಮಗ್ಗದಲ್ಲಿ ನೇಯುವವರು ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಕೂರುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ನನ್ನ ತವರಿನಲ್ಲಿ ಮಗ್ಗ ಬಿಟ್ಟು ಎರಡು ತಲೆಮಾರಾಗಿತ್ತು. ಕಾಲು ಮುಟ್ಟೋಣವೆಂದು ಬಾಗಿದೆ. ಮುಟ್ಟಲು ಕಾಲೇ ಇಲ್ಲ.

"ಕಾಲು ಕೆಳಗಡೆ ವೇಲೆ ಮಾಡ್ತಾ ಅವೆ ಕಣ್ಣು," ಎಂದರು ಅವರು. "ತಲೆ ಇತ್ತಾಗೆ ಕೊಡು, ಕೈ ಇಡ್ತೀನಿ. ಆಗ್ಬೋದಲ್ಲ?"

ನಾನು ತಲೆ ಬಗ್ಗಿಸಿದೆ. ಗಂಜಿಯ ವಾಸನೆಯ ದೊಡ್ಡ ಅಂಗೈಯೊಂದು ನೆತ್ತಿಯ ಮೇಲೆ ಕೂತಿತು. ಆ ಊರಲ್ಲಿ ನನ್ನನ್ನು 'ಕಣ್ಣು' ಎಂದು ಕರೆದ ಮೊದಲನೆಯವರು ಅವರು. ಕೆಲಸಕ್ಕೆ ವೇಲೆ, ಹೆಸರಿಗೆ ಪೇರು ಎನ್ನುವಂತೆ ಅದೂ ಆ ಕಡೆಯ ತಮಿಳಿನದು, ಮಕ್ಕಳನ್ನು ಮುದ್ದಿಗೆ ಕರೆಯುವ ಮಾತು.

"ನನ್ ಪೇರು ಹೇಳಿದ್ನಾ ನಿನ್ ಗಂಡ?"

"ಹೇಳಿದ್ದಾರೆ ಮಾವ. ಸೌಡಪ್ಪ ಅಲ್ವಾ?"

ಲಾಳಿ ನಿಂತಿತು. ನನ್ನ ಗಂಡ ಬಾಗಿಲ ಕಡೆ ತಿರುಗಿ ನಗು ತಡೆದುಕೊಳ್ಳುತ್ತಿದ್ದರು. ಚಿಕ್ಕಮಾವ ಟವಲು ಬಿಚ್ಚಿ ಮುಖ ಒರೆಸಿಕೊಂಡು, ಮಗುವಿಗೆ ಪಾಠ ಹೇಳುವವರ ತಾಳ್ಮೆಯಿಂದ ಹೇಳಿದರು: "ಸ ಅಲ್ಲ ಕಣ್ಣು. ತ. ತವುಡಪ್ಪ. ಎಮ್ಮೆಗೆ ಹಾಕ್ತೀವಲ್ಲ ತವುಡು, ಆ ತ."

ನನ್ನ ತಪ್ಪಿಗೆ ಕಾರಣವಿತ್ತು. ನಮ್ಮ ಕುಲದ ದೇವತೆ ಚೌಡಮ್ಮನನ್ನು ಆ ಕಡೆ ಸೌಡಮ್ಮ ಎನ್ನುತ್ತಾರೆ. ಅವಳ ಹೆಸರಿನಿಂದ ಬೀದಿಗೆ ನಾಲ್ಕಾರು ಸೌಡಪ್ಪಂದಿರು. ನಮ್ಮ ಮದುವೆಯ ಪತ್ರಿಕೆಯಲ್ಲೂ ಚಿಕ್ಕಮಾವನ ಹೆಸರು ಸೌಡಪ್ಪ ಎಂದೇ ಅಚ್ಚಾಗಿತ್ತು. ಅಚ್ಚಿನವನು ತಾನೇ ತಪ್ಪು ತಿದ್ದಿ ಉಪಕಾರ ಮಾಡಿದೆನೆಂದುಕೊಂಡಿದ್ದ. ರೇಷನ್ ಅಂಗಡಿಯಲ್ಲೂ, ಮತದಾನದ ಕೊಠಡಿಯಲ್ಲೂ ಅದೇ ಕಥೆ. ಚಿಕ್ಕಮಾವ ಸಿಟ್ಟಾಗುತ್ತಿರಲಿಲ್ಲ. "ಇರ್ಲಿ, ನಿದಾನಕ್ಕೆ ಸರಿ ಮಾಡಿ," ಎಂದು ಕಿಟಕಿಯ ಮುಂದೆ ನಿಂತುಬಿಡುತ್ತಿದ್ದರು. ಸಿಟ್ಟಾಗುತ್ತಿದ್ದವರು ಅವರ ಹಿಂದೆ ಸಾಲಿನಲ್ಲಿ ನಿಂತವರು. ಸಕ್ಕರೆಗೋ ಸೀಮೆಎಣ್ಣೆಗೋ ಬಂದವರು ಕೊನೆಗೆ ತಾವೇ ಗುಮಾಸ್ತನಿಗೆ "ಅಯ್ಯಾ, ತಾನಾ ಪೋಡುಂಗ!" ಎಂದು ಕೂಗುತ್ತಿದ್ದರು, 'ತ' ಹಾಕಿ ಸ್ವಾಮೀ ಎಂದು.

ಅವರು ಶಾಲೆ ಬಿಟ್ಟದ್ದೂ ಹೆಸರಿನಿಂದಲೇ ಎಂದು ಹೇಳುತ್ತಿದ್ದರು. "ವಾತ್ಯಾರು ಸವುಡಪ್ಪನ್ ಅಂತ ಕೂಗೋರು. ನಾನು ಬಾಯಿ ಬಿಡ್ತಿರ್ಲಿಲ್ಲ. ನನ್ನ ಕೂಗಿದ್ರಲ್ವಾ ಬಾಯಿ ಬಿಡೋಕೆ? ವರ್ಷ ಪೂರಾ ಮೊದಲನೇ ಸಾಲಲ್ಲಿ ಕೂತಿದ್ದೆ, ವರ್ಷ ಪೂರಾ ಬಂದಿಲ್ಲ ಅಂತ ಬರೆದ್ರು." ಮಗ್ಗಕ್ಕೆ ಕೂರಿಸಲು ಅವರಪ್ಪ ಆಗಲೇ ಕಾಯುತ್ತಿದ್ದರೆಂಬುದು ನಿಜವಾದ ಕಾರಣ. ಆದರೆ ಚಿಕ್ಕಮಾವ ಹೇಳಿದ ಕಾರಣ ಕೇಳಲು ಚೆನ್ನಾಗಿತ್ತು.

ಆ ಬೀದಿಯಲ್ಲಿ ಮನೆಯೊಳಗಿನ ಮಾತೆಲ್ಲ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡ ಓದಲು ಬರುತ್ತಿದ್ದವಳು ನಾನೊಬ್ಬಳೇ. ಅದನ್ನು ಕೇಳಿ ಚಿಕ್ಕಮಾವನಿಗೆ ಎಷ್ಟು ಆಶ್ಚರ್ಯವಾಯಿತೆಂದರೆ, ಒಂದು ಮಧ್ಯಾಹ್ನ ಇದ್ದಿಲ ಚೂರು ತಂದು ನನ್ನ ಕೈಗಿಟ್ಟು, ಮಗ್ಗದ ಕಂಬದ ಪಕ್ಕದ ಸುಣ್ಣದ ಗೋಡೆ ತೋರಿಸಿದರು. "ನನ್ ಪೇರು ನಮ್ ಬಾಷೇಲಿ ಎಂಗಿರ್ತದೆ ನೋಡ್ಬೇಕು." ನಾನು ದೊಡ್ಡದಾಗಿ ಬರೆದೆ. ಅವರು ಗುಂಡಿಯಿಂದ ಎದ್ದು ಬಂದು, ಹಿಂದೆ ಸರಿದು, ಮತ್ತೆ ಮುಂದೆ ಬಂದು ನೋಡಿದರು.

"ನಮ್ ಅಕ್ಷರ ಇಷ್ಟು ದುಂಡಗೆ ಅದೆಯಾ! ಒಣಗಾಕಿದ ಹಪ್ಪಳ ಇದ್ದಂಗೆ ಅದೆ." ಆಮೇಲೆ ಬೀದಿಯವರನ್ನೆಲ್ಲ ಕರೆದು ತೋರಿಸಿದರು. ಓದಲಾರದವರಿಗೆಲ್ಲ ಅವರೇ ಓದಿ ಹೇಳಿದರು.

ಚಿಕ್ಕಮಾವನ ಅಣ್ಣ, ಅಂದರೆ ನನ್ನ ಮಾವ ರಾಮಲಿಂಗಪ್ಪನವರು, ಇದನ್ನೆಲ್ಲ ಮೆಚ್ಚುತ್ತಿರಲಿಲ್ಲ. ಬಿಗಿಯಾದ ಮನುಷ್ಯ. ಸೌಡಮ್ಮನ ಗುಡಿಯ ಕೆಲಸಗಳನ್ನು ನೋಡಿಕೊಳ್ಳುತ್ತಿದ್ದರು. ಬಿಳಿ ಪಂಚೆ, ಬಿಳಿ ಅಂಗಿ. ಅಂಗಿಯ ಮೇಲೆ ಒಂದು ನೂಲಿನ ಎಳೆ ಅಂಟಿದ್ದನ್ನು ನಾನು ಕಂಡಿಲ್ಲ. "ತಾಯಿ ಪೇರು ಇಟ್ಕೊಳ್ಳೋಕೆ ಏನಂತೆ ಇವನಿಗೆ? ಅಚ್ಚಿನೋನೇ ಕೊಟ್ಟ, ವಾತ್ಯಾರೇ ಕೊಟ್ರು, ಸರ್ಕಾರನೇ ಕೊಡ್ತದೆ. ತಗೊಂಡು ಸುಮ್ನಿರಬಾರ್ದಾ?" ಎನ್ನುತ್ತಿದ್ದರು. ಗುಡಿಯ ಪೂಜಾರಿ ಅವರಿಗೆ ಒಂದು ಒಳ್ಳೆಯ ವಿವರಣೆಯನ್ನೂ ಮಾಡಿಕೊಟ್ಟಿದ್ದರು: ಚಿಕ್ಕ ವಯಸ್ಸಿನಲ್ಲಿ ನಾಲಿಗೆ ತಿರುಗದೆ ಸೌಡಪ್ಪ ತವುಡಪ್ಪ ಆಗಿರಬೇಕು, ಅಷ್ಟೇ. ಮಾವ ಅದನ್ನೇ ಎಲ್ಲರಿಗೂ ಹೇಳುತ್ತಿದ್ದರು.

ನನ್ನ ತಂದೆ ಕನ್ನಡ ಮೇಷ್ಟ್ರು. ಮಗಳ ಸಂಸಾರ ನೋಡಲು ಬಂದಾಗ ಅವರು ಬೇರೆಯದನ್ನೇ ಹೇಳಿದರು. ಒಂದರ ಮೇಲೊಂದು ಮಕ್ಕಳು ಹೋದ ಮನೆಯಲ್ಲಿ ಮುಂದೆ ಹುಟ್ಟಿದ ಮಗುವಿಗೆ ಬೇಕೆಂದೇ ಕೀಳು ಹೆಸರಿಡುತ್ತಿದ್ದರಂತೆ, ಜವರಾಯನಿಗೆ ಅಸಹ್ಯವಾಗಿ ಬಿಟ್ಟುಹೋಗಲಿ ಎಂದು. "ನಮ್ಮ ಕಡೆ ತಿಪ್ಪಯ್ಯ ಇಲ್ವಾ, ತಿರುಕಪ್ಪ ಇಲ್ವಾ? ತಿಪ್ಪೆಯಲ್ಲಿ ಸಿಕ್ಕಿದವನು, ತಿರುಪೆಯಲ್ಲಿ ಬಂದವನು. ನಿಮ್ಮೂರಲ್ಲಿ ಇಷ್ಟೊಂದು ಕುಪ್ಪುಸಾಮಿಗಳಿದ್ದಾರಲ್ಲ, ತಮಿಳಲ್ಲಿ ಕುಪ್ಪೆ ಅಂದರೆ ಕಸವೇ. ಆದರೆ ತವುಡಪ್ಪ ಅನ್ನೋದನ್ನ ನಾನು ಎಲ್ಲೂ ಕೇಳಿಲ್ಲಮ್ಮ. ಮಕ್ಕಳನ್ನ ರೇಗಿಸುವಾಗ ಎಲ್ಲರೂ ಅಂತಾರೆ, ನಿನ್ನನ್ನ ತೌಡು ಕೊಟ್ಟು ತಂದಿದ್ದು ಅಂತ. ಹೆಸರಾಗಿ ಇಟ್ಟದ್ದು ಇದೇ ಮೊದಲು ನೋಡಿದ್ದು."

ಅಷ್ಟು ಹೊತ್ತಿಗೆ ನನಗೆ ಪಾವಾಯಿ ಗೊತ್ತಿದ್ದಳು. ಬೀದಿ ಮುಗಿದು ಜೋಳದ ಹೊಲ ಶುರುವಾಗುವ ಕಡೆ, ಮಣ್ಣಿನ ಗೋಡೆಯ ಗುಡಿಸಲಿನಲ್ಲಿ ಒಬ್ಬಳೇ ಇದ್ದ ಮುದುಕಿ. ನಮ್ಮವಳಲ್ಲ, ತಮಿಳಿನವಳು. ಹರೆಯದಲ್ಲಿ ಮನೆಮನೆಯ ಬತ್ತ ಕುಟ್ಟಿಕೊಡುತ್ತಿದ್ದವಳು, ಗಿರಣಿ ಬಂದ ಮೇಲೆ ಸೊಪ್ಪು ಮಾರಿ ಬದುಕಿದ್ದಳು. ಚಿಕ್ಕಮಾವ ಪ್ರತಿ ಸಂಜೆ ಮಗ್ಗದಿಂದೆದ್ದು, ಕೈಕಾಲು ತೊಳೆದು, ಹಿಡಿಯಿರುವ ಅನ್ನದ ಡಬ್ಬಿ, ಆ ಕಡೆ ಅದಕ್ಕೆ ತೂಕುಪೋಸಿ ಎನ್ನುತ್ತಾರೆ, ಅದನ್ನು ತೂಗಾಡಿಸಿಕೊಂಡು ಅಲ್ಲಿಗೆ ಹೋಗುತ್ತಿದ್ದರು. ಅವಳನ್ನು ಕರೆಯುತ್ತಿದ್ದದ್ದು 'ಆತ್ತಾ' ಎಂದು. ಹೆತ್ತ ತಾಯಿಯ ಮಾತು ಬಂದಾಗ 'ಅವ್ವ' ಎನ್ನುತ್ತಿದ್ದರು. ಎರಡೂ ಅಮ್ಮ ಎಂಬ ಮಾತೇ. ಒಂದು ಹೊರಗಿನ ಭಾಷೆಯದು, ಒಂದು ಒಳಗಿನದು.

ನನ್ನ ಮೊದಲ ಬಸುರಿನಲ್ಲಿ, ಹುಳಿ ತಿನ್ನುವ ಆಸೆಯಿಂದ, ಪಾವಾಯಿಯ ಹಿತ್ತಲಿನ ಪುಂಡಿಸೊಪ್ಪು ಕೇಳಲು ಹೋಗಿದ್ದೆ. ಸೊಪ್ಪು ಬಿಡಿಸುತ್ತ ಅವಳು ನನ್ನ ಹೊಟ್ಟೆ ನೋಡಿ ನಕ್ಕಳು. ಆಗ ಕೇಳಿದೆ, ಚಿಕ್ಕಮಾವನಿಗೆ ಆ ಹೆಸರು ಹೇಗೆ ಬಂತೆಂದು. ಅಷ್ಟು ತಮಿಳು ಕಲಿತಿದ್ದೆ.

ಅವಳು ಹೇಳಿದ್ದು ಇದು. ನನ್ನ ಮಾವ ಹುಟ್ಟಿದ ಮೇಲೆ ಅವರವ್ವನಿಗೆ ಮೂರು ಮಕ್ಕಳಾಗಿ, ಮೂರೂ ನಡೆಯುವ ಮುಂಚೆಯೇ ಹೋದವು. ನಾಲ್ಕನೆಯದು ಹುಟ್ಟಿದಾಗ ಆಕೆ ಮುಖವನ್ನೇ ನೋಡಲಿಲ್ಲ. ನೋಡಿದರೆ ಆಸೆಯಾಗುತ್ತದೆ ಎಂದು ಗೋಡೆ ಕಡೆ ತಿರುಗಿ ಮಲಗಿದಳು. ಸೂಲಗಿತ್ತಿ ಬೈದು ಎಬ್ಬಿಸಿದಳು. ಮಗುವನ್ನು ಮೊರದಲ್ಲಿಟ್ಟು, ಕಸದ ಗುಂಡಿಯ ಮೇಲೆ ಒಂದು ಸಲ ಹೊರಳಿಸಿ, ಮಾರಿದರೆ ಯಮ ಬಿಡುತ್ತಾನೆಂದು ಮೊರದ ಸಮೇತ ಹೊತ್ತು, ಹೆತ್ತವಳನ್ನೂ ಬೀದಿಯಲ್ಲಿ ನಡೆಸಿದಳು. ಮಕ್ಕಳು ನಿಲ್ಲದ ಮನೆಯ ಕೂಸನ್ನು ಕೊಳ್ಳಲು ಯಾರಿಗೂ ಧೈರ್ಯವಾಗಲಿಲ್ಲ. ಬಾಗಿಲುಗಳು ಮುಚ್ಚಿಕೊಂಡವು. ಬೀದಿಯ ಕೊನೆಯಲ್ಲಿ, ಮದುವೆಯಾಗಿ ಇನ್ನೂ ವರ್ಷ ತುಂಬದ ಪಾವಾಯಿ ಬತ್ತ ಕುಟ್ಟುತ್ತಿದ್ದಳು.

"ಬೇಕಾ, ಬೇಕಾ ಅಂತ ಕೇಳಿಕೊಂಡು ಬಂದರು. ನನಗೆ ಶಾಸ್ತ್ರ ಗೊತ್ತಿಲ್ಲ. ನೋಡಿದೆ, ಮೊರದೊಳಗೆ ಕಣ್ಣು ಬಿಟ್ಟುಕೊಂಡಿತ್ತು. ಬೇಕು ಅಂದೆ. ಏನು ಕೊಡ್ತೀ ಅಂದರು. ಕೈ ತುಂಬ ತವುಡಿತ್ತು. ಎರಡು ಬೊಗಸೆ ಅವರವ್ವನ ಸೆರಗಿಗೆ ಹಾಕಿ ಎತ್ತಿಕೊಂಡೆ."

ಕೊಂಡವಳೇ ಹೆಸರಿಡಬೇಕಂತೆ. ಕೈಯಲ್ಲಿದ್ದದ್ದನ್ನೇ ಇಟ್ಟಳು: ತವಿಟ್ಟಪ್ಪನ್. ಕನ್ನಡದ ಮನೆಯಲ್ಲಿ ಅದು ತವುಡಪ್ಪ ಆಯಿತು. ಆಮೇಲೆ ಮಗುವನ್ನು ವಾಪಸು ಹೆತ್ತವಳ ಕೈಗೆ ಕೊಟ್ಟು, "ಎಂ ಪುಳ್ಳೆಯ ನೀ ವಳತ್ತುಕ್ಕುಡು," ಎಂದಳು. ನನ್ನ ಮಗುವನ್ನು ನೀನು ಸಾಕಿಕೊಡು. ಅವಳಿಗೆ ಮುಂದೆ ಮಕ್ಕಳಾಗಲಿಲ್ಲ. ಗಂಡನೂ ಬೇಗ ಹೋದ.

"ನಿನ್ನ ಗಂಡನ ಅಜ್ಜಿ ಇದ್ದಳಲ್ಲ," ಎಂದಳು ಪಾವಾಯಿ, "ಸಾಯುವ ತನಕ ಇವನನ್ನ ಮಗನೇ ಅಂತ ಕರೆಯಲಿಲ್ಲ. ಪಾವಾಯಿ ಮಗನೇ, ಉಣ್ಣು ಬಾ ಅನ್ನುತ್ತಿದ್ದಳು. ಕರೆದರೆ ಎಲ್ಲಿ ಯಮನಿಗೆ ಕೇಳಿಸುತ್ತದೋ ಅಂತ. ಇವನಿಗೆ ಮೀಸೆ ಬಂದ ಮೇಲೂ ಆ ಹೆದರಿಕೆ ಹೋಗಲಿಲ್ಲ."

ಸೊಪ್ಪನ್ನು ನನ್ನ ಸೆರಗಿಗೆ ಹಾಕಿ ಅವಳು ಒಳಗೆ ಹೋದಳು. ನಾನು ಮನೆಗೆ ಬಂದು ಒಲೆ ಹಚ್ಚಿ ಸೊಪ್ಪು ಬೇಯಲಿಟ್ಟೆ.

ಮಗಳು ಹುಟ್ಟಿ, ಅವಳು ಅಂಬೆಗಾಲಿಡುವ ಹೊತ್ತಿಗೆ, ಐಪ್ಪಸಿ ತಿಂಗಳ, ಅಂದರೆ ದೀಪಾವಳಿ ಹೊತ್ತಿನ, ಮಳೆಯಲ್ಲಿ ಪಾವಾಯಿಯ ಗುಡಿಸಲಿನ ಒಂದು ಗೋಡೆ ಕುಸಿಯಿತು. ಅವಳಿಗೆ ಪೆಟ್ಟಾಗಲಿಲ್ಲ, ಆದರೆ ರಾತ್ರಿಯಿಡೀ ನೆನೆದು ಜ್ವರ ಬಂತು. ಬೆಳಿಗ್ಗೆ ಚಿಕ್ಕಮಾವ ಸೈಕಲ್ಲಿನ ಹಿಂದೆ ಗೋಣಿಚೀಲ ಮಡಿಸಿ ಹಾಸಿ, ಅವಳನ್ನು ಕೂರಿಸಿ, ಒಂದು ಕೈಯಲ್ಲಿ ಹ್ಯಾಂಡಲ್ಲು, ಇನ್ನೊಂದು ಕೈಯಲ್ಲಿ ಅವಳ ಬೆನ್ನು ಹಿಡಿದು ತಳ್ಳಿಕೊಂಡು ಬಂದರು. ಬೀದಿಯೆಲ್ಲ ಬಾಗಿಲಿಗೆ ಬಂದು ನೋಡಿತು.

ಚಿಕ್ಕತ್ತೆ ಸೊಂಟಕ್ಕೆ ಕೈಯಿಟ್ಟು ನಿಂತರು. "ಒಬ್ಬ ಅತ್ತೇನ ಕಳಿಸ್ಕೊಟ್ಟು ಅಪ್ಪಾ ಅಂತ ಕೂತಿದ್ದೆ. ಇನ್ನೊಬ್ಬಳನ್ನ ಸೈಕಲ್ ಮೇಲೆ ತಂದ್ರಾ?" ಅಷ್ಟಂದು, ಒಳಗೆ ಹೋಗಿ ನೀರು ಕಾಯಿಸಲು ಇಟ್ಟರು. ಬೈಗುಳ ಮತ್ತು ಬಿಸಿನೀರು ಎರಡೂ ಅವರಲ್ಲಿ ಒಟ್ಟಿಗೇ ಬರುತ್ತಿದ್ದವು.

ನನ್ನ ಮಾವ ಆ ಸಂಜೆ ಗುಡಿಯಿಂದ ಬಂದವರು ನೇರವಾಗಿ ತಮ್ಮನ ಮನೆಗೆ ಹೋದರು. ಎರಡೂ ಮನೆಗೆ ನಡುವೆ ಒಂದೇ ಗೋಡೆ. ನಾನು ಮಗಳಿಗೆ ಉಣಿಸುತ್ತ ಇತ್ತ ಕಡೆ ಇದ್ದೆ. ಪ್ರತಿ ಮಾತೂ ಕೇಳಿಸಿತು.

"ಅನ್ನ ಕೊಡು, ಬೇಡ ಅನ್ನಲ್ಲ. ಗೋಡೆ ಕಟ್ಟಿಸ್ಕೊಡು, ನಾನೂ ಆಳು ಕಳಿಸ್ತೀನಿ. ಮನೆ ಒಳಕ್ಕೆ ತಂದು ಮಲಗಿಸ್ತೀಯಲ್ಲ, ನಾಳೆ ಏನಾದ್ರೂ ಆದ್ರೆ? ನಮ್ ಜನ ಅಲ್ಲ, ನಮ್ ಕುಲ ಅಲ್ಲ. ಯಾರು ಮುಂದೆ ನಿಂತು ಮಾಡ್ಬೇಕು?"

"ನಾನು."

"ನೀನ್ಯಾವೂರು ಮಗ ಅವಳಿಗೆ?"

"ಅವಳು ಕೊಂಡ್ಕೊಂಡವಳು. ನಾನು ಅವಳ ಪುಳ್ಳೆ."

"ಲೇ, ಅದು ಸಾಸ್ತ್ರಕ್ಕೆ ಮಾಡಿದ್ದು ಕಣೋ! ಅಂಗೆ ಊರಲ್ಲಿ ಎಷ್ಟು ಮಾಡಿಲ್ಲ? ಸಾಸ್ತ್ರ ಅಷ್ಟೇ. ನಿಜವಾದ ಮಾರಾಟ ಅಲ್ಲ."

ಮಗಳು ಬಾಯಿ ತೆರೆದುಕೊಂಡೇ ಇದ್ದಳು. ನಾನು ತುತ್ತು ಹಿಡಿದುಕೊಂಡೇ ಇದ್ದೆ. ಆಮೇಲೆ ಚಿಕ್ಕಮಾವ ಹೇಳಿದರು, ಜೋರಾಗಿಯೂ ಅಲ್ಲ:

"ಸಾಸ್ತ್ರಕ್ಕೆ ಮಾರಿದ್ದು ಅಂದ್ರೆ, ನಾನು ಬದುಕಿರೋದೂ ಸಾಸ್ತ್ರಕ್ಕಾ ಅಣ್ಣ?"

ಮಾವ ಎದ್ದು ಬಂದರು. ಊಟ ಬೇಡವೆಂದು ಮಲಗಿದರು. ಅಂದಿನಿಂದ ಅಣ್ಣತಮ್ಮಂದಿರ ನಡುವೆ ಮಾತು ನಿಂತಿತು. ಹಿಂದೆ ಬೆಳಗಿನ ಕಾಫಿಗೆ ಇಬ್ಬರೂ ಒಂದೇ ಜಗಲಿಯ ಮೇಲೆ ಕೂರುತ್ತಿದ್ದರು. ಈಗ ಮಾವ ಒಳಗೇ ಕುಡಿಯತೊಡಗಿದರು.

ಪಾವಾಯಿ ಜ್ವರದಿಂದ ಎದ್ದಳು. ಆದರೆ ಕಾಲಿನ ಶಕ್ತಿ ಮರಳಲಿಲ್ಲ. ಮಗ್ಗದ ಎದುರಿನ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಚಿಕ್ಕಮಾವ ನೇಯುತ್ತಿದ್ದಷ್ಟು ಹೊತ್ತೂ ಮಾತಾಡುತ್ತಿದ್ದಳು. ಲಾಳಿಯ ಸದ್ದಿನಲ್ಲಿ ಅವರಿಗೆ ಅರ್ಧವೂ ಕೇಳಿಸುತ್ತಿರಲಿಲ್ಲ, ಆದರೂ ಸರಿಯಾದ ಜಾಗದಲ್ಲಿ "ಆಮಾ ಆತ್ತಾ," ಹೌದಮ್ಮ, ಎನ್ನುತ್ತಿದ್ದರು. ಅವಳ ಕೈ ಸುಮ್ಮನಿರುತ್ತಿರಲಿಲ್ಲ. ನನ್ನ ಮಗಳನ್ನು ಕಾಲ ಮೇಲೆ ಕವುಚಿ ಹಾಕಿಕೊಂಡು ಎಣ್ಣೆ ತಿಕ್ಕಿ ನೀರೆರೆಯುತ್ತಿದ್ದವಳು ಅವಳೇ. ನಡೆಯಲಾರದವಳ ಕಾಲು ಎಂಟು ಕೊಡ ನೀರಿಗೆ ಹೇಗೆ ತಡೆಯುತ್ತಿತ್ತೋ. ಚಿಕ್ಕಮಾವ ಊಟಕ್ಕೆ ಎದ್ದಾಗ ಅವಳು ತಟ್ಟೆ ಮುಟ್ಟುತ್ತಿದ್ದದ್ದು ಅವರು ಮೊದಲ ತುತ್ತು ನುಂಗಿದ ಮೇಲೆ. "ಸಾಪ್ಪುಡು ಸಾಮಿ," ಉಣ್ಣು ಸ್ವಾಮಿ, ಎಂದು ಐವತ್ತು ದಾಟಿದ ಆ ಮಗನಿಗೆ ಹೇಳುತ್ತಿದ್ದಳು.

ನನ್ನ ಮಾವ ಒಳಗೆ ಬರುತ್ತಿರಲಿಲ್ಲ. ಮೊಮ್ಮಗಳನ್ನು ಕರೆದುಕೊಂಡು ಹೋಗುವ ನೆಪದಲ್ಲಿ ಬಾಗಿಲ ತನಕ ಬರುತ್ತಿದ್ದರು. ಒಮ್ಮೆ ಪಾವಾಯಿ ಅವರನ್ನು ಕಂಡು, "ದೊಡ್ಡವನೇ, ಯಾಕೆ ಸೊರಗಿದ್ದೀ?" ಎಂದು ತಮಿಳಿನಲ್ಲಿ ಕೇಳಿದಳು. ಅವರು ಮೊಮ್ಮಗಳನ್ನು ಎತ್ತಿಕೊಂಡು ಹೊರಟುಬಿಟ್ಟರು. ಆದರೆ ಆ ದಿನ ಗುಡಿಯಿಂದ ಬರುವಾಗ ಬಾಳೆಹಣ್ಣು ತಂದು, "ಇದನ್ನ ಅತ್ತ ಕೊಡು," ಎಂದು ನನ್ನ ಕೈಯಲ್ಲಿಟ್ಟು ಹೋದರು. ಯಾರಿಗೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮಾಸಿ ತಿಂಗಳಲ್ಲಿ, ಶಿವರಾತ್ರಿಯ ಹೊತ್ತಿಗೆ, ಒಂದು ಬೆಳಿಗ್ಗೆ ಪಾವಾಯಿ ಏಳಲಿಲ್ಲ. ನಿದ್ದೆಯಲ್ಲೇ ಹೋಗಿದ್ದಳು. ಚಿಕ್ಕಮಾವ ಅವಳ ಪಕ್ಕದಲ್ಲಿ ಕೂತು, ಕೆದರಿದ ಕೂದಲನ್ನು ಬೆರಳಿನಿಂದ ಬಾಚುತ್ತಿದ್ದರು. ಅತ್ತಿರಲಿಲ್ಲ. ನನ್ನನ್ನು ಕಂಡು, "ಕಣ್ಣು, ನೀರು ಕಾಯ್ಸೋಕೆ ಹೇಳು," ಎಂದರು.

ಸುದ್ದಿ ಹೋಗಿ ಹತ್ತು ಗಂಟೆಗೆ ಅವಿನಾಶಿ ಕಡೆಯಿಂದ ಅವಳ ಅಣ್ಣನ ಮಗ ಬಂದ. ನಾಲ್ಕೈದು ಜನ ಜೊತೆಗಿದ್ದರು. ಕೆಟ್ಟವನಲ್ಲ. ಬಡವ, ಹೊಲದ ಕೆಲಸದವನು. ಅತ್ತೆಯನ್ನು ನೋಡಲು ವರ್ಷಗಟ್ಟಲೆ ಬರದ ನಾಚಿಕೆ ಅವನ ಮುಖದ ಮೇಲಿತ್ತು, ಅದಕ್ಕೇ ದನಿ ದೊಡ್ಡದಾಗಿತ್ತು. ಬೆಂಕಿಯ ಮಡಕೆಯನ್ನು ಬಂದವನೇ ಕೈಗೆತ್ತಿಕೊಂಡ. ಮಡಕೆ ಹಿಡಿದು ಮುಂದೆ ನಡೆಯುವವನೇ ಮಗ, ಕೊಳ್ಳಿಯೂ ಅವನದೇ.

"ನಮ್ಮ ಹೆಣ್ಣುಮಗಳು. ನಾವಿರುವಾಗ ನೀವು ಹೇಗೆ ಮಾಡ್ತೀರಿ?" ಎಂದ ತಮಿಳಿನಲ್ಲಿ.

ನಮ್ಮ ಬೀದಿಯ ಹಿರಿಯರಿಗೂ ಅದೇ ಬೇಕಿತ್ತು. "ಸರಿಯಾಗೇ ಹೇಳ್ತಾನೆ ತವುಡಪ್ಪ. ನೀನು ಅನ್ನ ಆಕ್ದೆ, ಪುಣ್ಯ ಬಂತು. ಬಿಟ್ಬಿಡು. ನೀನು ತಲೆ ಬೋಳಿಸ್ಕೊಂಡ್ರೆ ನಾಳೆ ಗುಡೀಲಿ ಏನಂತ ಹೇಳೋದು?"

ಚಿಕ್ಕಮಾವ ಒದ್ದೆ ಬಟ್ಟೆಯಲ್ಲಿ ನಿಂತಿದ್ದರು. ರೇಷನ್ ಅಂಗಡಿಯ ಮುಂದೆ ನಿಲ್ಲುತ್ತಿದ್ದ ಹಾಗೆಯೇ ನಿಂತಿದ್ದರು ಎಂದು ನನ್ನ ಗಂಡ ಆಮೇಲೆ ಅಂದದ್ದುಂಟು. ನನಗೆ ಹಾಗೆ ಕಾಣಲಿಲ್ಲ. ಅಲ್ಲಿ ಅವರಿಗೆ ತಾವು ಗೆಲ್ಲುವುದು ಗೊತ್ತಿರುತ್ತಿತ್ತು. ಇಲ್ಲಿ ಗೊತ್ತಿರಲಿಲ್ಲ. "ನಾನು ಅವಳ ಪುಳ್ಳೆ," ಎಂದರು. ಇನ್ನೊಮ್ಮೆ ಅದನ್ನೇ ಹೇಳಿದರು.

ಆಗ ನಮ್ಮ ಜಗಲಿಯಿಂದ ನನ್ನ ಮಾವ ಇಳಿದು ಬಂದರು. ಗುಡಿಗೆ ಹೊರಟವರ ಹಾಗೆ ಬಿಳಿ ಅಂಗಿಯಲ್ಲಿದ್ದರು. ಸಾವಿನ ಮನೆಯ ಅಂಗಳಕ್ಕೆ ಬಂದು, ಪಾವಾಯಿಯ ಅಣ್ಣನ ಮಗನ ಮುಂದೆ ನಿಂತು, ಎಲ್ಲರಿಗೂ ಅರ್ಥವಾಗಲೆಂದು ತಮಿಳಿನಲ್ಲೇ ಮಾತಾಡಿದರು. ಅವರ ತಮಿಳು ಗುಡಿಯ ಲೆಕ್ಕಾಚಾರದ ತಮಿಳು, ಗಟ್ಟಿಯಾಗಿ, ತಡವರಿಸದೆ ಬರುತ್ತಿತ್ತು. ಅಂದು ತಡವರಿಸಿತು.

"ನಾನು ನೋಡಿದ್ದೇನೆ ತಂಬಿ. ನನಗೆ ಆಗ ತಿಳುವಳಿಕೆ ಬಂದಿತ್ತು. ಮೊರದ ಹಿಂದೆ ನಮ್ಮವ್ವನ ಸೆರಗು ಹಿಡಿದು ನಾನೂ ನಡೆದೆ. ಇಷ್ಟು ಮನೆ ಇತ್ತಲ್ಲ ಬೀದಿಯಲ್ಲಿ, ಯಾರೂ ಬಾಗಿಲು ತೆಗೆಯಲಿಲ್ಲ. ನಿನ್ನ ಅತ್ತೆ ಒಬ್ಬಳು ಬೇಕು ಅಂದಳು." ಅವರು ನಿಲ್ಲಿಸಿದರು. ಅಂಗಿಯ ತುದಿಯಿಂದ ಮೂಗು ಒರೆಸಿಕೊಂಡರು, ಆ ಬಿಳಿ ಅಂಗಿಯಿಂದ. "ಅವಳು ಕೊಟ್ಟ ತವುಡನ್ನ ನಮ್ಮವ್ವ ಏನು ಮಾಡಿದಳು ಗೊತ್ತಾ? ಬೆಲ್ಲ ಹಾಕಿ ಉಂಡೆ ಕಟ್ಟಿದಳು. ಬೆಲೆ ತಿಂದರೇ ಮಾರಾಟ ಮುಗಿದ ಹಾಗೆ ಅಂತ ಸೂಲಗಿತ್ತಿ ಹೇಳಿದ್ದಳು. ಅವ್ವ ಒಂದು ಉಂಡೆ ತಿಂದಳು. ಒಂದು ನನಗೆ ಕೊಟ್ಟಳು. ಸಿಹಿ ಅಂತ ನಾನು ಇನ್ನೊಂದು ಕೇಳಿದೆ."

ಅವರು ತಮ್ಮನ ಕಡೆ ಕೈ ತೋರಿಸಿದರು.

"ನನ್ನ ತಮ್ಮನನ್ನ ಮಾರಿದ ಬೆಲೆ ತಿಂದವನು ನಾನು. ಮಾರಾಟ ಆಗಲಿಲ್ಲ ಅಂತ ಈಗ ಹೇಗೆ ಹೇಳಲಿ? ಅವನು ಇವಳ ಮಗ."

ಅಣ್ಣನ ಮಗ ಕೈಯಲ್ಲಿದ್ದ ಮಡಕೆಯನ್ನು ನೋಡಿದ. ಹೊಗೆ ಅವನ ಮುಖಕ್ಕೇ ಬರುತ್ತಿತ್ತು. "ಸರಿಯಣ್ಣಾ," ಎಂದು ಅದನ್ನು ಚಿಕ್ಕಮಾವನ ಕೈಗೆ ಕೊಟ್ಟ. ತಾನು ಚಟ್ಟದ ಒಂದು ತುದಿಗೆ ಹೋಗಿ ನಿಂತ. ಇನ್ನೊಂದು ತುದಿಗೆ ಬಂದು ಹೆಗಲು ಕೊಟ್ಟವರು ನನ್ನ ಮಾವ. ಬೀದಿಯ ಹಿರಿಯರಲ್ಲಿ ಕೆಲವರು ಹಿಂದೆ ನಡೆದರು, ಕೆಲವರು ಮನೆಗೆ ಹೋದರು.

ಚಿಕ್ಕಮಾವ ತಲೆ ಬೋಳಿಸಿಕೊಂಡು ಬಂದ ಮಾರನೆಯ ಬೆಳಿಗ್ಗೆ ಮಾವ ಜಗಲಿಯ ಮೇಲೆ ಕೂತು ಒಳಗೆ ಕೂಗಿದರು: "ಕಾಫಿ ಎರಡು ಲೋಟ ತಾಮ್ಮ." ತಮ್ಮ ಬಂದು ಪಕ್ಕದಲ್ಲಿ ಕೂತರು. ಇಬ್ಬರೂ ಕುಡಿದರು. ಬಿಸಿಲಿನ ಬಗ್ಗೆ ಏನೋ ಮಾತಾಡಿದರು. ಗುಡಿಯಲ್ಲಿ ಯಾರೋ ಆಕ್ಷೇಪ ಎತ್ತಿದರಂತೆ. ಮಾವ ಬೀಗದ ಕೈ ತೆಗೆದು ಮುಂದಿಟ್ಟು, "ಹಾಗಾದ್ರೆ ಇದನ್ನ ನೀವೇ ಇಟ್ಕೊಳ್ಳಿ," ಎಂದರಂತೆ. ಅದನ್ನು ಎತ್ತಿಕೊಳ್ಳಲು ಯಾರೂ ಮುಂದೆ ಬರಲಿಲ್ಲ.

ಮುಂದೆ ನನ್ನ ಗಂಡನಿಗೆ ಆರ್.ಎಸ್. ಪುರಂನ ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕಿ, ನಾವು ಕೊಯಮತ್ತೂರಿಗೆ ಬಂದೆವು. ಒಂದು ವಠಾರದ ಮಹಡಿಯ ಮೇಲೆ ಎರಡು ಕೋಣೆ. ಚಿಕ್ಕಮಾವ ಆಗೊಮ್ಮೆ ಈಗೊಮ್ಮೆ ಟೌನ್ ಬಸ್ಸಿನಲ್ಲಿ ಬರುತ್ತಿದ್ದರು. ಕೊನೆಯ ಸಲ ಬಂದದ್ದು ತಿರುಪ್ಪೂರಿನಿಂದ. ಅವರ ಮಗಳು ದೇವಕಿಯನ್ನು ಅಲ್ಲಿಗೆ ಕೊಟ್ಟಿತ್ತು, ಅಳಿಯ ಬನಿಯನ್ ಕಂಪನಿಯಲ್ಲಿ ಕಟಿಂಗ್ ಮಾಸ್ಟರು. ದೇವಕಿಗೆ ಗಂಡುಮಗುವಾಗಿತ್ತು. ಹೆಸರಿಡುವ ಶಾಸ್ತ್ರ ಮುಗಿಸಿಕೊಂಡು ಬಂದಿದ್ದರು. ಸೊರಗಿದ್ದರು, ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತರು. ಆದರೆ ಮುಖ ಬೆಳಗುತ್ತಿತ್ತು.

ಊಟ ಬಡಿಸುತ್ತ ಕೇಳಿದೆ. "ಹೆಸರು ಏನಿಟ್ರು ಮಾವ? ತಾತನ ಹೆಸರೇ ತಾನೇ?" ಮೊದಲ ಮೊಮ್ಮಗನಿಗೆ ತಾತನ ಹೆಸರಿಡುವುದು ನಮ್ಮಲ್ಲಿ ವಾಡಿಕೆ.

"ದೇವಕಿ ಅದೇ ಬೇಕು ಅಂತ ನಿಂತ್ಕೊಂಡ್ಳು. ಅಪ್ಪನ ಪೇರೇ ಇಡ್ಬೇಕು, ಎಲ್ಲೂ ಇಲ್ದಿರೋ ಪೇರು ಅಂತ ಅತ್ಲು. ನಾನು ಬೇಡ ಅಂದೆ."

ನಾನು ಸಾರು ಹಾಕುತ್ತಿದ್ದವಳು ನಿಂತೆ. ಒಂದು ಅಕ್ಷರ ಬಿಟ್ಟುಕೊಡದೆ ಆಯುಷ್ಯವೆಲ್ಲ ಆ ಹೆಸರನ್ನು ಕಾಯ್ದವರು.

"ಯಾಕೆ ಮಾವ?"

"ಆ ಪುಳ್ಳೇನ ನೀನು ನೋಡ್ಬೇಕು ಕಣ್ಣು. ಗುಂಡುಕಲ್ಲು ಇದ್ದಂಗೆ ಅವ್ನೆ. ಕಾಲು ಒದ್ದ ಅಂದ್ರೆ ತೊಟ್ಟಿಲು ಅಂಗೇ ಓಡ್ತದೆ. ಡಾಕ್ಟ್ರಮ್ಮ ಸೂಜಿ ಹಾಕಿದ್ರೆ ಅವ್ರನ್ನೇ ಒದೀತಾನೆ." ಅವರು ಅನ್ನ ಕಲಸುವುದನ್ನು ಬಿಟ್ಟು ನನ್ನ ಕಡೆ ನೋಡಿದರು. "ನನ್ ಪೇರು ಎಂಗೆ ಬಂತು? ನಮ್ಮವ್ವ ಮೂರು ಕಳ್ಕೊಂಡ್ಳು, ಅದಕ್ಕೆ ಬಂತು. ಮಗು ಮುಖ ನೋಡೋಕೂ ಎದ್ರಿಕೊಂಡ್ಳು, ಅದಕ್ಕೆ ಬಂತು. ನನಗೆ ಅದು ಬೇಕಾಗಿತ್ತು, ಇಟ್ಕೊಂಡೆ. 'ನಿನಗೆ ಆ ಎದ್ರಿಕೆ ಅದೆಯಾ?' ಅಂತ ದೇವಕೀನ ಕೇಳ್ದೆ. ಇಲ್ಲ ಅಂದ್ಲು. ಇಲ್ದೇ ಇರೋ ಮನೇಲಿ ಆ ಪೇರು ಯಾಕೆ?"

"ಮತ್ತೆ ಏನಿಟ್ರಿ?"

"ಸುರೇಸು." ಹೇಳಿ ಅವರೇ ನಕ್ಕರು. "ಆ ಲೈನು ಮನೇಲಿ ಅದೇ ಪೇರಿನೋವು ಇನ್ನೂ ಮೂರು ಅವೆ. ಸಾಯಂಕಾಲ ಯಾರೋ ಒಬ್ಬಳು ಉಣ್ಣೋಕೆ ಬಾರೋ ಸುರೇಸಾ ಅಂತ ಕೂಗಿದ್ಲು. ಮೂರು ಮನೆ ಬಾಗಿಲಿಂದ ಏನ್ಮಾ, ಏನ್ಮಾ ಅಂತ ಓಡ್ಬಂದ್ವು. ನಮ್ದು ತೊಟ್ಲಲ್ಲಿ ಇದ್ದದ್ದೂ ಕೂಗ್ತು." ಅವರಿಗೆ ನಗು ತಡೆಯಲಾಗಲಿಲ್ಲ, ಕೆಮ್ಮು ಬಂತು. ನೀರು ಕೊಟ್ಟೆ. ಕುಡಿದು, ಕಣ್ಣೊರೆಸಿಕೊಂಡು ಹೇಳಿದರು: "ಕೂಗಿದ್ರೆ ಅಷ್ಟೂ ಬತ್ತವೆ ಕಣ್ಣು. ಒಂದೂ ಕಮ್ಮಿ ಇಲ್ಲ."

ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಬಿಸಿಲು ಇಳಿಯಲಿ ಎಂದು ಸ್ವಲ್ಪ ಹೊತ್ತು ಅಡ್ಡಾದರು. ಸಂಜೆ ನಾನೂ ಮಗಳೂ ಅನ್ನೂರಿನ ಬಸ್ಸಿನ ತನಕ ಹೋಗಿ ಹತ್ತಿಸಿ ಬಂದೆವು. ಆ ಬೇಸಿಗೆ ದಾಟಲಿಲ್ಲ ಅವರು. ಅವರು ತೀರಿಕೊಂಡ ದಿನ ನನ್ನ ಮಾವ ಬೆಳಗಿನಿಂದ ಜಗಲಿಯ ಮೇಲೆ ಕೂತೇ ಇದ್ದರಂತೆ.

ಅದಾಗಿ ನಮ್ಮ ಮನೆತನದಲ್ಲಿ ಎಷ್ಟೋ ಮಕ್ಕಳು ಹುಟ್ಟಿವೆ. ಆ ಹೆಸರು ಮತ್ತೆ ಯಾರಿಗೂ ಬೇಕಾಗಿಲ್ಲ.